ಕೆಂಪು ಸುತ್ತಿನ ಇನ್ನರ್ಧ

ಅಕ್ಕೋರ ಬಲಗೈ ಸದಾ ಸೆರಗಿನಲ್ಲಿ ಸುತ್ತಿಕೊಂಡೇ ಇರುತ್ತಿತ್ತು. ಬೋರ್ಡಿನ ಮೇಲೆ ಬರೆಯುವುದು ಎಡಗೈಯಲ್ಲಿ, ಹಾಜರಿ ಹಾಕುವುದು ಎಡಗೈಯಲ್ಲಿ, ನಮ್ಮ ನಿಬಂಧಗಳ ತಪ್ಪಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕುವುದೂ ಎಡಗೈಯಲ್ಲೇ. ಆ ಸುತ್ತುಗಳು ಎಂದೂ ಪೂರ್ತಿ ಕೂಡುತ್ತಿರಲಿಲ್ಲ. ಒಂದು ಕಡೆ ವಾಲಿಕೊಂಡು, ಬಾಯಿ ತೆರೆದುಕೊಂಡು ನಿಂತಿರುತ್ತಿದ್ದವು. ಅವರು ಹುಟ್ಟಾ ಎಡಗೈಯವರು ಎಂದೇ ಮೋರಟಗಿಯ ಹೈಸ್ಕೂಲು ನಂಬಿತ್ತು. ಬಲಗೈ ನಡುಗುತ್ತದೆ, ಅದು ಯಾರ ಕಣ್ಣಿಗೂ ಬೀಳಬಾರದು ಎಂದು ಅವರು ಹರೆಯದಲ್ಲೇ ಹಟ ಹಿಡಿದು ಎಡಗೈಯಲ್ಲಿ ಬರೆಯಲು ಕಲಿತಿದ್ದರು. ಇದು ನನಗೆ ತಿಳಿಯುವ ಹೊತ್ತಿಗೆ ನಾನು ಶಾಲೆ ಬಿಟ್ಟು ಸಿಂದಗಿಯಲ್ಲಿ ಡಿಗ್ರಿ ಓದುತ್ತಿದ್ದೆ.

ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ. ಆದರೆ ನಾನು ಬರೀ ಅಕ್ಕೋರು ಎಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುವುದು ಇವರೊಬ್ಬರೇ. ನನಗೆ ವಾದ ಮಾಡಲು ಕಲಿಸಿದವರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಚರ್ಚಾಸ್ಪರ್ಧೆ ಇದ್ದಲ್ಲೆಲ್ಲ ಬಸ್ಸು ಹತ್ತಿಸಿ ಕರೆದೊಯ್ದವರು. ಮಾತೆಂದರೆ ಜೀವ ಬಿಡುವ ಈ ಹೆಂಗಸು ತಾವು ಮಾತ್ರ ಒಮ್ಮೆಯೂ ವೇದಿಕೆ ಹತ್ತುತ್ತಿರಲಿಲ್ಲ. ನಿರ್ಣಾಯಕರಾಗಿ ಕುಳಿತರೂ ತೀರ್ಪನ್ನು ಬೇರೆಯವರಿಂದ ಓದಿಸುತ್ತಿದ್ದರು. "ನನ್ನ ದನಿ ಚಲೋ ಇಲ್ರಿ" ಎನ್ನುತ್ತಿದ್ದರು. ಚಲೋ ಇತ್ತು. ಸೈಕಲ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಬೈಯುವಾಗ ಆ ದನಿ ರಸ್ತೆಯವರೆಗೂ ಕೇಳುತ್ತಿತ್ತು.

ಅವರ ಕಲಿಸುವ ರೀತಿಯೆಲ್ಲ ಒಂದು ಶಬ್ದದ ಮೇಲೆ ನಿಂತಿತ್ತು. ಲಾಗೂ. ನಾವು ಎಷ್ಟೇ ಝಗಮಗಿಸುವ ವಾದ ಹೂಡಲಿ, ಕೊನೆಗೆ ಅವರದೊಂದೇ ಪ್ರಶ್ನೆ: "ಇದು ನಿನಗ ಲಾಗೂ ಆಗ್ತೈತೇನು?" ಬೇರೆಯವರಿಗೆ ಅನ್ವಯಿಸಿ ನಮ್ಮನ್ನು ಬಿಟ್ಟುಬಿಡುವ ವಾದ ಅವರ ಲೆಕ್ಕದಲ್ಲಿ ವಾದವೇ ಅಲ್ಲ. ಒಮ್ಮೆ ನನಗೆ 'ಮೊಬೈಲು ಶಾಪ' ಎಂಬ ಪಕ್ಷ ಬಂದಿತ್ತು. ಕಣ್ಣಲ್ಲಿ ನೀರು ಬರುವಂತೆ ಮಾತಾಡಿದೆ. ಅಕ್ಕೋರು ತಲೆದೂಗಿದರು.

"ಭಾಳ ಚಂದ ಮಾತಾಡ್ದಿ. ಇದು ನಿನಗ ಲಾಗೂ ಆಗ್ತೈತೇನು?"

"ಯಾಕ ಆಗಂಗಿಲ್ರಿ?"

"ಹಂಗಾದ್ರ ದಪ್ತರದಾಗ ಬಚ್ಚಿಟ್ಟೀಯಲ್ಲ ಶಾಪ, ಅದನ್ನ ತಗಿ ಹೊರಗ. ನಿಮ್ಮಪ್ಪ ಹುಡುಕಾಕತ್ತಾರ ಅಂತ ನಿಮ್ಮವ್ವ ಬೆಳಿಗ್ಗೆ ನನಗ ಫೋನ್ ಮಾಡ್ಯಾಳ."

ಹುಡುಗರೆಲ್ಲ ನಕ್ಕರು. ನಾನು ಫೋನ್ ತೆಗೆದು ಅವರ ಕೈಗೆ ಕೊಟ್ಟೆ. ಆವತ್ತಿನಿಂದ ಯಾರ ಮಾತು ಕೇಳಿದರೂ ನನ್ನ ತಲೆಯಲ್ಲಿ ಮೊದಲು ಏಳುವುದು ಅದೇ ಪ್ರಶ್ನೆ. ಈ ಚಟದಿಂದ ನಾನು ಎಷ್ಟು ಗೆಳತಿಯರನ್ನು ಕಳಕೊಂಡಿದ್ದೇನೆ ಅನ್ನುವುದು ಬೇರೆ ಮಾತು.

ತಪ್ಪು ಅಕ್ಷರ ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಯಾರೋ ಮದುವೆಯ ಲಗ್ನಪತ್ರಿಕೆ ಕೊಡಲು ಸ್ಟಾಫ್ ರೂಮಿಗೆ ಬಂದರೆ, ನಿಂತಲ್ಲೇ ಕೆಂಪು ಪೆನ್ನು ತೆಗೆದು ಸುತ್ತು ಹಾಕಿ ವಾಪಸು ಕೊಡುವರು. "ವರನ ಹೆಸರಿನಾಗ ಒತ್ತಕ್ಷರ ಬಿಟ್ಟೈತ್ರಿ. ಮದುವಿಗೆ ಮೊದಲ ಸರಿ ಮಾಡ್ಕೋರಿ. ಆಮ್ಯಾಲ ಏನೂ ಸರಿ ಮಾಡಾಕ ಬರಂಗಿಲ್ಲ." ಬಂದವರು ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ನಿಲ್ಲುತ್ತಿದ್ದರು.

ಡಿಗ್ರಿಯ ಎರಡನೇ ವರ್ಷ ಮುದ್ದೇಬಿಹಾಳದಲ್ಲಿ ಒಂದು ಸ್ಪರ್ಧೆ. ನಾನು ಕಾಲೇಜಿನ ಪರವಾಗಿ ಹೋದೆ, ಅವರು ನಿರ್ಣಾಯಕರಾಗಿ. ಮುಖ್ಯ ಅತಿಥಿ ಬರಲಿಲ್ಲ. ಸಂಘಟಕರು ಒಮ್ಮೆಲೇ ಮೈಕಿನಲ್ಲಿ ಅಕ್ಕೋರ ಹೆಸರು ಕೂಗಿ, ನಾಲ್ಕು ಮಾತಾಡಿರಿ ಎಂದುಬಿಟ್ಟರು. ಪಕ್ಕದಲ್ಲಿದ್ದ ನಾನು ಅವರ ಮುಖ ನೋಡಿದೆ. ಹಣೆಯ ಮೇಲೆ ಬೆವರು, ತುಟಿ ಒಣಗಿ ಬೆಳ್ಳಗೆ. ಸೆರಗಿನೊಳಗಿನ ಕೈ ಎಷ್ಟು ನಡುಗಿತೆಂದರೆ ಸೆರಗೇ ಅಲುಗಾಡುತ್ತಿತ್ತು. "ಅಕ್ಕೋರಿಗೆ ಪಿತ್ತ ಆಗೇತ್ರಿ" ಎಂದು ನಾನೇ ಎದ್ದು ಸುಳ್ಳು ಹೇಳಿ ಅವರನ್ನು ಹೊರಗೆ ಕರೆದುಕೊಂಡು ಬಂದೆ.

ಬಸ್ಸಿನಲ್ಲಿ, ಸಿಂದಗಿಯ ದಾರಿ ಅರ್ಧ ಮುಗಿದ ಮೇಲೆ, ಅವರಾಗಿಯೇ ಮಾತು ತೆಗೆದರು.

"ಸಣ್ಣಾಕಿ ಇದ್ದಾಗಿಂದ ಹಿಂಗ. ಎದಿ ಡವಡವ, ಜೀವ ಹಾರಿದಂಗ. ಎಲ್ಲಾರೂ ನನ್ನ ನೋಡಾಕತ್ತಾರ ಅನ್ನಿಸಿದ್ರ ಸಾಕು, ಗಾಬ್ರಿ."

"ಡಾಕ್ಟರಿಗೆ ತೋರಿಸೀರಿಲ್ರಿ?"

"ತೋರಿಸಿದ್ದೆ. ವಿಜಯಪುರದಾಗ ಮನಸಿನ ಡಾಕ್ಟರ್ ಕಡೆ. ಗುಳಗಿ ಲಾಗೂ ಆಗಿದ್ವು. ಆರಾಮಿದ್ದೆ." ತಮ್ಮಷ್ಟಕ್ಕೆ ನಕ್ಕರು. "ಒಂದ್ಸಲ ಅಲ್ಲಿ ಪಾಳಿ ಹಚ್ಚಿ ಕುಂತಾಗ ನಮ್ಮ ಓಣಿ ಹೆಣಮಗಳೊಬ್ಬಾಕಿ ಎದುರಿಗೆ ಬಂದ್ಲು. 'ಯಾರನ್ನ ಕರ್ಕೊಂಡ್ ಬಂದೀರಿ ಅಕ್ಕೋರ?' ಅಂದ್ಲು. ನಾ ಗಡಬಡಿಸಿ, 'ನಮ್ಮ ಅತ್ತಿನ್ನ' ಅಂದೆ."

"ಆಮ್ಯಾಲ?"

"ಆಮ್ಯಾಲ ಏನು? ನಮ್ಮತ್ತಿ ತೀರ್ಕೊಂಡು ಆಗಲೇ ವರ್ಷ ಆಗಿತ್ತು. ಅತ್ತಿ ದಿನಕರ್ಮದ ಊಟ ಉಂಡು ಹೋದಾಕಿನ ಆಕಿ!"

ಇಬ್ಬರೂ ಬಸ್ಸು ಅದುರುವಂತೆ ನಕ್ಕೆವು. ನಗು ಇಳಿದ ಮೇಲೆ ಅಕ್ಕೋರು ಹೇಳಿದರು: "ವಾರದಾಗ ಓಣಿ ತುಂಬ ಸುದ್ದಿ. ಅಕ್ಕೋರಿಗೆ ತಲಿ ಕೆಟ್ಟೈತಂತ, ಸತ್ತ ಅತ್ತಿನ್ನ ಕರ್ಕೊಂಡು ತಿರುಗಾಡ್ತಾರಂತ. ಮತ್ತ ನಾ ಆ ದವಾಖಾನಿ ಪಾವಟಿಗಿ ಹತ್ತಲಿಲ್ಲ." ಡಾಕ್ಟರ ಚೀಟಿ ಇಲ್ಲದೆ ಔಷಧದಂಗಡಿಯವರು ಆ ಗುಳಿಗೆ ಕೊಡುವುದಿಲ್ಲ. ಹಾಗಾಗಿ ಎಷ್ಟೋ ವರ್ಷ ಗುಳಿಗೆಯೇ ಇಲ್ಲದೆ, ಸೆರಗಿನೊಳಗೆ ಕೈ ಸುತ್ತಿಕೊಂಡು ಕಳೆದಿದ್ದರು.

ಈಚೆಗೆ ಅದು ಬದಲಾಯಿತು. ಫೋನಿನಲ್ಲಿ ಯಾರದೋ ಜಾಹೀರಾತು ಬಂತು. ಚೀಟಿ ಬೇಡ, ಡಾಕ್ಟರು ಬೇಡ, ಮನೆಗೇ ಕೊರಿಯರಿನಲ್ಲಿ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಕೊನೆಯ ಆ ಮಾತಿಗೇ ಅವರು ಸೋತಿರಬೇಕು. ಕೈಚೀಲದ ಲವಂಗದ ಡಬ್ಬಿಯಲ್ಲಿ ಗುಳಿಗೆಗಳು ಮತ್ತೆ ಕಾಣಿಸಿಕೊಂಡವು. "ಮೊದಲಿನ್ವು ಲಾಗೂ ಆಗಾಕ ಅರ್ಧಾ ತಾಸು ಹಿಡಿತಿತ್ತು. ಇವು ನೋಡು, ಬಸ್ ಸ್ಟ್ಯಾಂಡ್ ದಾಟೂದ್ರಾಗ ಲಾಗೂ!" ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದರು.

"ಎಲ್ಲಿಂದ ತರಿಸಿದ್ರಿ?"

"ನೀ ವಕೀಲಕಿ ಮಾಡಬ್ಯಾಡ. ಲಾಗೂ ಆಗ್ಯಾವಿಲ್ಲ? ಸಾಕು."

ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲಕ್ಕೂ ಪುರಾವೆ ಕೇಳುವ ನಾನು ಅಲ್ಲಿಗೇ ಸುಮ್ಮನಾದೆ.

ಬಸವನ ಬಾಗೇವಾಡಿಯಲ್ಲಿ ಶಿಕ್ಷಕರೆಲ್ಲ ಸೇರಿ ಅವರಿಗೊಂದು ಸತ್ಕಾರ ಇಟ್ಟುಕೊಂಡಿದ್ದರು. ಈ ಸಲ ಅಕ್ಕೋರು ಹೂಂ ಅಂದರು. ಮಾತಾಡುವುದಕ್ಕೂ ಒಪ್ಪಿದರು. ಅವರನ್ನು ಕರೆದೊಯ್ಯಲು ನಾನು ಮಧ್ಯಾಹ್ನ ಸಿಂದಗಿಯ ಅವರ ಮನೆಗೆ ಹೋದೆ. ಅಕ್ಕೋರು ಊಟ ಮುಗಿಸಿ ಗುಳಿಗೆ ನುಂಗಿ, "ಲಾಗೂ ಆಗೂತನಕ ಅಡ್ಡಾಗ್ತೇನಿ" ಎಂದು ಒಳಗೆ ಮಲಗಿದ್ದರು. ಪಡಸಾಲೆಯಲ್ಲಿ ಅವರ ಮಗಳು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಒಂದು ದೊಡ್ಡ ಗೊರಕೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೊಂದು.

"ನಮ್ಮವ್ವ ಗೊರಕಿ ಹೊಡಿಯೂದು ಇದ ಮೊದಲ ನೋಡಕ್ಕಾ" ಎಂದು ಮಗಳು ನಕ್ಕಳು.

"ಭಾಷಣದ ಪ್ರ್ಯಾಕ್ಟೀಸ್ ನಡದೈತಿ" ಎಂದು ಅವರ ಯಜಮಾನರು ನಕ್ಕರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ನಾನೂ ನಕ್ಕೆ. ಮಲಗಲಿ ಬಿಡು, ವಾಹನ ಬಂದಾಗ ಎಬ್ಬಿಸೋಣ ಎಂದೆವು. ಗೊರಕೆ ನಿಂತಾಗ ಯಾರೂ ಗಮನಿಸಲಿಲ್ಲ.

ಎಬ್ಬಿಸಲು ಹೋದಾಗ ತುಟಿ, ಉಗುರುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಸತ್ಕಾರಕ್ಕೆಂದು ಬಂದ ವಾಹನದಲ್ಲೇ ಅವರನ್ನು ಹಾಕಿಕೊಂಡು ಓಡಿದೆವು. ಡಾಕ್ಟರಿಗೆ ತೋರಿಸಲೆಂದು ಡಬ್ಬಿಯಿಂದ ಗುಳಿಗೆಯ ಪಟ್ಟಿ ತೆಗೆದುಕೊಂಡಿದ್ದೆ. ಅದು ಅರ್ಧ ಪಟ್ಟಿ. ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದರು. ಹಿಂದಿನ ಬೆಳ್ಳಿ ಹಾಳೆಯ ಮೇಲೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲು ಅರ್ಧಕ್ಕೇ ತುಂಡಾಗಿತ್ತು. ತುಂಡಾದಲ್ಲಿ ಒಂದು ಕೆಂಪು ಗೆರೆ, ಬಳೆಯ ಚೂರಿನಂತೆ ಬಾಗಿದ್ದು. ಆಗ ಅದೇನೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಿಜಯಪುರ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅಲ್ಲಿನ ಡಾಕ್ಟರು ರೆಪ್ಪೆ ಎತ್ತಿ ನೋಡಿದರು. ಕಣ್ಣಿನ ಗೊಂಬೆ ಸೂಜಿಯ ಮೊನೆಯಷ್ಟಾಗಿತ್ತು. ಪಟ್ಟಿ ನೋಡಿ, "ಇದನ್ನ ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. ಗುಳಿಗೆ ಪೊಲೀಸರ ಮೂಲಕ ಪರೀಕ್ಷೆಗೆ ಹೋಯಿತು. ಕೆಲವು ವಾರಗಳ ನಂತರ ಆ ಡಾಕ್ಟರೇ ಕಾಕಾನನ್ನೂ ನನ್ನನ್ನೂ ಕೂಡಿಸಿ ಹೇಳಿದರು.

"ಇದು ನಕಲಿ ಗುಳಗಿ ರೀ. ಗಾಬ್ರಿ ಔಷಧ ಇದರಾಗ ಇಲ್ಲವೇ ಇಲ್ಲ. ಅಫೀಮಿನ ಜಾತಿದು, ಅದಕ್ಕಿಂತ ಭಾಳ ಜೋರಿನ ವಸ್ತು ಕಲಬೆರಕಿ ಮಾಡ್ಯಾರ. ಉಸಿರಾಡೂದನ್ನ ಮೈ ಮರತು ಬಿಡ್ತೈತಿ. ನೀವು ಕೇಳಿದ್ದು ಗೊರಕಿ ಅಲ್ಲ, ಉಸಿರು ಸಿಗವಲ್ತು ಅಂತ ಒದ್ದಾಡಿದ ಸಪ್ಪಳ. ಮೊದಲ ತಂದಿದ್ರ ಇದಕ್ಕ ಸೂಜಿ ಇತ್ತು."

"ಹಿಂದಿನ ಸಲ ತಗೊಂಡಾಗ ಏನೂ ಆಗಿರಲಿಲ್ಲಲ್ರಿ" ಎಂದೆ ನಾನು. ಆ ಹೊತ್ತಿನಲ್ಲೂ ನನಗೆ ವಾದ.

"ಚುರಮುರಿಗೆ ಖಾರಪುಡಿ ಉಗ್ಗಿದಂಗ ಇದು. ಒಂದ್ ಕಡೆ ಹತ್ತೇ ಇರಂಗಿಲ್ಲ, ಬಾಜೂಕ ಬಾಯಿ ಸುಡುವಷ್ಟು. ಒಂದ ಪಟ್ಟ್ಯಾಗಿನ ಒಂದು ಗುಳಗ್ಯಾಗ ಏನೂ ಇರಲಿಕ್ಕಿಲ್ಲ, ಅದರ ಮಗ್ಗಲದಾಗ ಜೀವ ತಗೊಳ್ಳುವಷ್ಟು ಇರಬಹುದು. ಒಬ್ಬರಿಗೆ ಏನೂ ಆಗಿಲ್ಲ ಅಂದ್ರ ಅದು ಪುರಾವೆ ಅಲ್ಲ."

ಹೊರಗೆ ಬಂದು ಕಾಕಾ ನನ್ನ ಕೈ ಹಿಡಿದರು. "ಊರಾಗ ಎಲ್ಲಾರಿಗೂ ಹಾರ್ಟ್ ಅಂತ ಹೇಳೇವಿ ತಂಗಿ. ನೀನೂ ಹಂಗ ಹೇಳು. ಇಂಡಿ ಊರಾಗ ಮಗಳ ಮದುವಿ ಮಾತು ನಡದೈತಿ. ತಾಯಿ ತಲಿ ಗುಳಗಿ ನುಂಗತಿದ್ಲು ಅಂದ್ರ ಯಾರ್ ಮಾಡ್ಕೋತಾರ?"

ನಾನು ಆಯಿತು ಅಂದೆ.

ಆದರೆ ಆ ಅರ್ಧ ಪಟ್ಟಿ ನನ್ನನ್ನು ಬಿಡಲಿಲ್ಲ. ಇನ್ನರ್ಧ ಎಲ್ಲಿ? ಮನೆಯೆಲ್ಲ ಹುಡುಕಿದೆವು, ಸಿಗಲಿಲ್ಲ. ಮಗಳಿಗೆ ಒಂದು ನೆನಪಿತ್ತು. ಅವ್ವ ಫೋನಿನಲ್ಲಿ ಯಾರಿಗೋ, "ನನಗ ಲಾಗೂ ಆಗ್ಯಾವು, ಅರ್ಧಾ ನಿನಗ ತರ್ತೇನಿ" ಎಂದಿದ್ದರಂತೆ. ನಮ್ಮಲ್ಲಿ ಇದು ಹೊಸದೇನಲ್ಲ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಹಂಚುವಂತೆ ಗುಳಿಗೆಯನ್ನೂ ಹಂಚುತ್ತೇವೆ. ನನಗೆ ಲಾಗೂ ಆದದ್ದು ನಿನಗೂ ಲಾಗೂ ಆಗಲಿ ಎಂಬ ಪ್ರೀತಿ. ಅಂದರೆ ಅಕ್ಕೋರು ಓಡಾಡಿದ ನಾಲ್ಕು ತಾಲೂಕುಗಳಲ್ಲಿ ಯಾರದೋ ಕೈಚೀಲದಲ್ಲಿ ಆ ಅರ್ಧ ಇತ್ತು. ಅವರಿಗೂ ಗಾಬರಿಯ ರೋಗವಿತ್ತು. ಅವರೂ ಅದನ್ನು ಯಾರಿಗೂ ಹೇಳಿರಲಿಲ್ಲ. ಮುಂದಿನ ಸಲ ಎದೆ ಬಡಿದುಕೊಂಡಾಗ ಅವರು ಡಬ್ಬಿಗೆ ಕೈ ಹಾಕುತ್ತಾರೆ.

ಅಕ್ಕೋರ ಫೋನಿನಲ್ಲಿದ್ದ ಶಿಕ್ಷಕ ಶಿಕ್ಷಕಿಯರಿಗೆಲ್ಲ ಕರೆ ಮಾಡಿದೆ. ಕಾಕಾನಿಗೆ ಮಾತು ಕೊಟ್ಟಿದ್ದೆನಲ್ಲ, ಹಾಗಾಗಿ ಏನನ್ನೂ ಬಿಡಿಸಿ ಹೇಳದೆ, "ಅಕ್ಕೋರು ನಿಮಗೇನರ ಗುಳಗಿ ಕೊಟ್ಟಿದ್ರೇನ್ರಿ?" ಎಂದಷ್ಟೇ ಕೇಳಿದೆ. "ನಮಗ್ಯಾಕ ಬೇಕವ್ವಾ ಗುಳಗಿ, ಗುಂಡಕಲ್ಲಿನಂಗ ಅದೇವಿ" ಎಂದು ಒಬ್ಬರು ನಕ್ಕರು. ಉಳಿದವರದೂ ಹೆಚ್ಚುಕಡಿಮೆ ಅದೇ ಉತ್ತರ. ಅವರಲ್ಲೊಬ್ಬರು ಸುಳ್ಳು ಹೇಳುತ್ತಿದ್ದರು. ಸುಳ್ಳು ಹೇಳಬೇಡಿರಿ ಎನ್ನುವ ಹಕ್ಕು ನನಗೂ ಇರಲಿಲ್ಲ.

ಮೋರಟಗಿಯ ಶಾಲೆಯ ಅಂಗಳದಲ್ಲಿ ನುಡಿನಮನ ಇಟ್ಟರು. ಆ ಶಿಕ್ಷಕರೆಲ್ಲ ಬಂದಿದ್ದರು. 'ಹೃದಯಾಘಾತದಿಂದ ನಮ್ಮನ್ನಗಲಿದ ಅಕ್ಕೋರು' ಎಂದು ಹೆಡ್‌ಮಾಸ್ತರರು ಶುರುಮಾಡಿದರು. ಅವರ ನಂತರ ಮಾತಾಡಿದ ಎಲ್ಲರೂ ಅದನ್ನೇ ಹೇಳಿದರು. ನನ್ನ ಸರದಿ ಬಂತು. ಮೊದಲ ಸಾಲಿನಲ್ಲಿ ಕಾಕಾ, ಪಕ್ಕದಲ್ಲಿ ಮಗಳು.

"ಅಕ್ಕೋರು ಹಾರ್ಟಿನಿಂದ ಸತ್ತಿಲ್ಲ" ಎಂದೆ.

ಆಮೇಲೆ ನನಗೆ ಗೊತ್ತಿರುವ ಏಕೈಕ ವಿದ್ಯೆಯನ್ನು ಬಳಸಿದೆ. ನಕಲಿ ಗುಳಿಗೆ ಎಂದರೇನು, ಅದರಲ್ಲಿ ಏನು ಬೆರೆಸಿದ್ದರು, ಒಮ್ಮೆ ಏನೂ ಆಗದಿದ್ದರೆ ಅದು ಏಕೆ ಪುರಾವೆಯಲ್ಲ. ಒಂದೊಂದಾಗಿ ಹೂಡಿದೆ. ಇನ್ನರ್ಧ ಪಟ್ಟಿ ಇಲ್ಲಿರುವ ಯಾರದೋ ಬಳಿ ಇದೆ, ಅದನ್ನು ಕೊಟ್ಟುಬಿಡಿರಿ ಎಂದೆ. ವಾದದಲ್ಲಿ ಒಂದು ಬಿರುಕೂ ಇರಲಿಲ್ಲ. ಯಾರೂ ಎದ್ದು ಬರಲಿಲ್ಲ. ಹಿಂದಿನ ಸಾಲಿನಿಂದ ಗಂಡುದನಿಯೊಂದು, "ಸತ್ತವರ ಮರ್ಯಾದಿ ತಗಿಯಾಕ ಬಂದಾಳೇನಿಕಿ?" ಎಂದಿತು. ಕಾಕಾ ತಲೆ ತಗ್ಗಿಸಿದ್ದರು. "ಸಾಕು, ಕುಂಡ್ರು ತಂಗಿ" ಎಂದು ಹೆಡ್‌ಮಾಸ್ತರರು ಮೈಕಿಗೆ ಕೈ ಚಾಚಿದರು.

ಆಗ ಕೇಳಿತು. ದೆವ್ವ ಭೂತ ನಾನು ನಂಬುವುದಿಲ್ಲ, ಅದು ನನ್ನದೇ ತಲೆಯ ದನಿ. ಆದರೆ ಸೈಕಲ್ ಸ್ಟ್ಯಾಂಡಿನ ದನಿ ಹೇಗಿತ್ತೋ ಹಾಗೇ ಇತ್ತು. ಭಾಳ ಚಂದ ಮಾತಾಡ್ದಿ. ಇದು ನಿನಗ ಲಾಗೂ ಆಗ್ತೈತೇನು?

ನಾನು ಮೈಕು ಬಿಡಲಿಲ್ಲ. ಮೇಜಿನ ಹಿಂದೆ ಅಡಗಿಸಿಕೊಂಡಿದ್ದ ಬಲಗೈಯನ್ನು ಮೇಲೆತ್ತಿದೆ. ಅದು ನಡುಗುತ್ತಿತ್ತು. ನಡುಗುವುದು ಎಲ್ಲರಿಗೂ ಕಂಡಿತು.

"ನನಗೂ ಗಾಬ್ರಿ ಆಗ್ತೈತ್ರಿ" ಎಂದೆ. "ಸ್ಟೇಜ್ ಹತ್ತೂ ಮುಂದ ಹಿತ್ತಲಕ್ಕ ಹೋಗಿ ವಾಂತಿ ಮಾಡ್ಕೊಂಡು ಬಂದೇನಿ. ಪ್ರತಿ ಸಲಾನೂ ಹಿಂಗ. ಇಷ್ಟು ವರ್ಷ ಕಪ್ ಗೆದ್ರೂ ಯಾರಿಗೂ ಹೇಳಿಲ್ಲ. ಅಕ್ಕೋರಿಗೂ ಹೇಳಲಿಲ್ಲ. ಹೇಳಿದ್ರ ಅವರಿಗೆ ಒಬ್ಬರು ಜೊತಿ ಸಿಗ್ತಿದ್ರು."

ಮೈಕು ಹೆಡ್‌ಮಾಸ್ತರರ ಕೈಗೆ ಕೊಟ್ಟೆ. ಇಳಿದು ಬಂದೆ. ಎಲ್ಲರೂ ಸಾಲಾಗಿ ಹೋಗಿ ಫೋಟೋಕ್ಕೆ ಹೂ ಏರಿಸಿ, ಚಪ್ಪಲಿ ಮೆಟ್ಟಿ, ತಮ್ಮ ತಮ್ಮ ಬಸ್ಸಿನ ಹೊತ್ತು ನೋಡಿಕೊಂಡು ಹೊರಟರು.

ಅಂಗಳ ಖಾಲಿಯಾದ ಮೇಲೆ ಹೂವಿನ ತಟ್ಟೆ ಎತ್ತಲು ಹೋದ ಮಗಳು ಅಲ್ಲೇ ನಿಂತಳು. "ಅಕ್ಕಾ, ಇಲ್ಲಿ ಬಾ."

ಚೆಂಡು ಹೂವಿನ ಅಡಿಯಲ್ಲಿ ಅರ್ಧ ಪಟ್ಟಿ ಇತ್ತು. ಓರೆಯಾಗಿ ಕತ್ತರಿಸಿದ ಅಂಚು. ಒಂದು ಗೂಡು ಒಡೆದಿತ್ತು. ಯಾರೋ ಒಂದನ್ನು ಆಗಲೇ ನುಂಗಿದ್ದರು, ನುಂಗಿ ಉಳಿದಿದ್ದರು. ಯಾರು, ನಾವು ನೋಡಲಿಲ್ಲ, ಆಮೇಲೆ ಹುಡುಕಲೂ ಇಲ್ಲ. ಪಟ್ಟಿ ತಿರುವಿದರೆ ವೈದ್ಯರ ಚೀಟಿಯ ಸಾಲಿನ ಉಳಿದ ಭಾಗ. 'ಚೀಟಿ' ಎನ್ನುವ ಆ ಉದ್ದನೆಯ ಇಂಗ್ಲಿಷ್ ಶಬ್ದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಅಸಲಿ ಕಂಪನಿ ಮಾಡದ ತಪ್ಪು. ಅದರ ಸುತ್ತ ಕೆಂಪು ಸುತ್ತಿನ ಇನ್ನರ್ಧ. ಒಂದು ಕಡೆ ವಾಲಿದ, ತುದಿ ಕೂಡದ ಸುತ್ತು.

ಕಾಕಾ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಮೇಲಿನ ಸಿಟ್ಟು ಅವರ ಮುಖದಲ್ಲಿ ಇನ್ನೂ ಇತ್ತು. ಆದರೂ ನನಗೇ ಹೇಳಿದರು: "ಆಕಿಗೆ ತಪ್ಪು ಕಂಡಿತ್ತು."

ಕಂಡಿತ್ತು. ಕತ್ತರಿಸುವ ಮೊದಲೇ ಕಂಡಿತ್ತು. ಕಂಡರೂ ತಾವು ನುಂಗಿದರು, ಅರ್ಧವನ್ನು ಇನ್ನೊಬ್ಬರಿಗೂ ಕೊಟ್ಟರು. ಅಕ್ಕೋರನ್ನು ದೇವರ ಜಗುಲಿಯ ಮೇಲೆ ಕೂಡಿಸಲು ನಾನು ಇದನ್ನು ಬರೆಯುತ್ತಿಲ್ಲ. ಜಗತ್ತಿನ ಯಾವ ತಪ್ಪನ್ನೂ ಬಿಡದ ಕೆಂಪು ಪೆನ್ನು ಈ ತಪ್ಪನ್ನೂ ಬಿಡಲಿಲ್ಲ. ಆದರೆ ಸರಿ ಮಾಡಿಕೊಳ್ಳಲು ಅವರು ಮತ್ತೆ ಆ ದವಾಖಾನೆಯ ಪಾವಟಿಗೆ ಹತ್ತಬೇಕಿತ್ತು, ಪಾಳಿಯಲ್ಲಿ ಕೂಡಬೇಕಿತ್ತು, ಓಣಿಯವರ ಕಣ್ಣಿಗೆ ಬೀಳಬೇಕಿತ್ತು. ಅದಕ್ಕಿಂತ ಕಾಗುಣಿತ ತಪ್ಪಿದ ಗುಳಿಗೆ ನುಂಗುವುದು ಅವರಿಗೆ ಹಗುರವಾಗಿ ಕಂಡಿತು. ಹಾಗೆ ಕಾಣುವಂತೆ ಮಾಡಿದವರು ನಾವು. ಓಣಿಯ ಹೆಂಗಸಿನ ಕಥೆ ಕೇಳಿ ಬಸ್ಸು ಅದುರುವಂತೆ ನಕ್ಕವಳು ನಾನೂ ಹೌದು.

ಇಂಡಿಯ ವರನ ಕಡೆಯವರು ಇನ್ನೂ ಏನೂ ಹೇಳಿಲ್ಲ. "ಎಲ್ಲಾ ತಿಳಿದ ಮ್ಯಾಲೆ ಬರೂದಿದ್ರ ಬರ್ಲಿ ಬಿಡಕ್ಕಾ" ಎನ್ನುತ್ತಾಳೆ ಮಗಳು. ಪಟ್ಟಿಯನ್ನು ಪೊಲೀಸರಿಗೆ ಕೊಡಲು ಕಾಕಾ ನಮ್ಮೊಡನೆ ಬಂದರು.

ಹೋದ ತಿಂಗಳು ನಾನು ವಿಜಯಪುರಕ್ಕೆ ಹೋದೆ. ಮನಸ್ಸಿನ ಡಾಕ್ಟರ ದವಾಖಾನೆಯಲ್ಲಿ ಪಾಳಿ ಹಚ್ಚಿ ಕುಳಿತಿದ್ದೆ. ಓಢಣಿಯನ್ನು ಹಣೆಯವರೆಗೆ ಎಳೆದುಕೊಂಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಎದುರಿನ ಬೆಂಚಿಗೆ ಮೋರಟಗಿಯ ಹೆಂಗಸೊಬ್ಬರು ಬಂದು ಕುಳಿತರು. ನಮ್ಮ ಮನೆಗೆ ಹಾಲು ಹಾಕುವವರ ಅತ್ತಿಗೆ. ಬಗ್ಗಿ ನೋಡಿ ಗುರುತು ಹಿಡಿದರು.

"ಏ, ನೀ ಏನವ್ವಾ ಇಲ್ಲಿ? ಯಾರನ್ನ ಕರ್ಕೊಂಡ್ ಬಂದಿ?"

ಅವ್ವ ಎನ್ನುವ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಯಾರನ್ನೂ ಇಲ್ರಿ" ಎಂದೆ. "ನನಗ ತೋರಿಸಾಕ ಬಂದೇನಿ."

ಕಿವಿ ಬಿಸಿಯಾಯಿತು. ಕೈ ತಾನಾಗಿ ಓಢಣಿಯೊಳಗೆ ಸೇರಿಕೊಂಡಿತು. ನಾಚಿಕೆ ಒಂದಿಷ್ಟೂ ಹೋಗಿರಲಿಲ್ಲ. ಆ ಹೆಂಗಸು ಎದುರಿನ ಬೆಂಚಿನಿಂದ ಎದ್ದು ನನ್ನ ಪಕ್ಕಕ್ಕೆ ಬಂದು ಕುಳಿತು, ದನಿ ತಗ್ಗಿಸಿ ಹೇಳಿದರು:

"ನಾನೂ ನನಗ ತೋರಿಸಾಕ ಬಂದೇನವ್ವಾ."